ನಡುಮನೆಯಲ್ಲಿ ಬಿಚ್ಚಿಟ್ಟ ಚಾಕು

ಗಾವಡಗೆರೆಯ ದಾಸಯ್ಯನಿಗೆ ಆ ಮಾಗಿಯಲ್ಲಿ ಕೈಗಳೇ ಶತ್ರುಗಳಾಗಿದ್ದವು. ಜಗಲಿಯ ಮೇಲೆ ಕೂತರೆ ಕಂಬದ ಬಣ್ಣ ಕೆರೆಯುತ್ತಿದ್ದವು, ಊಟಕ್ಕೆ ಕೂತರೆ ಎಡಗೈ ತೊಡೆಯ ಮೇಲೆ ಏನನ್ನೋ ತಡಕುತ್ತಿತ್ತು, ಬೀದಿಗೆ ಇಳಿದರೆ ಜೇಬಿಗೆ ಹೋಗಿ ಬರೀ ಬೀಡಿ ಕಟ್ಟನ್ನು ಮುಟ್ಟಿ ವಾಪಸು ಬರುತ್ತಿತ್ತು. ಮೂವತ್ತು ವರ್ಷ ಆ ಜೇಬಿನಲ್ಲಿ ಒಂದಲ್ಲ ಒಂದು ಮಡಿಸುವ ಚಾಕು ಇದ್ದೇ ಇತ್ತು. ಈಗ ಎರಡು ತಿಂಗಳಿಂದ ಇರಲಿಲ್ಲ.

ಮಾವು, ಸಪೋಟಕ್ಕೆ ಕಸಿ ಕಟ್ಟುವುದು ದಾಸಯ್ಯನ ಕಸುಬು. ಹುಣಸೂರು ರಸ್ತೆಯ ನರ್ಸರಿಯೊಂದರಲ್ಲಿ ಅವನು ಕಟ್ಟಿದ ಗಿಡಗಳು ಹತ್ತರಲ್ಲಿ ಒಂಬತ್ತು ಚಿಗುರುತ್ತಿದ್ದವು. ಕಸಿ ಕಟ್ಟುವವನಿಗೆ ಒಂದು ಚಾಕು ಸಾಕು. ಇವನ ಹತ್ತಿರ ಹದಿನಾಲ್ಕು ಇದ್ದವು. ಹಿತ್ತಾಳೆ ಹಿಡಿಯದು, ಬೀಟೆ ಮರದ ಹಿಡಿಯದು, ಬೈಲಕುಪ್ಪೆಯ ಅಂಗಡಿಯಲ್ಲಿ ಕೊಂಡ, ಬಾಟಲಿ ಮುಚ್ಚಳವನ್ನೂ ತೆಗೆಯಬಲ್ಲ ಕೆಂಪನೆಯದು. ಭಾನುವಾರ ಬಂತೆಂದರೆ ಅಷ್ಟನ್ನೂ ಗೋಣಿಯ ಮೇಲೆ ಹರವಿ, ಎಣ್ಣೆ ಹಚ್ಚಿ, ಮುಂಗೈಯ ಕೂದಲ ಮೇಲೆ ಹರಿತ ನೋಡಿ, ತೃಪ್ತಿಯಿಂದ ಮಡಿಸಿಡುವುದು ಅವನ ಪೂಜೆ. ಅವನ ಎಡ ಮುಂಗೈಯಲ್ಲಿ ಕೂದಲು ಬೆಳೆದದ್ದನ್ನು ಅವನ ಹೆಂಡತಿ ಸಿದ್ದಲಿಂಗಮ್ಮ ಮದುವೆಯಾದಾಗಿನಿಂದ ನೋಡಿರಲಿಲ್ಲ.

ಈ ಪೂಜೆಗೆ ಕಲ್ಲು ಬಿದ್ದದ್ದು ದೀಪಾವಳಿಯ ವಾರ. ಮಗಳು ಮೀನಾ ಸಾಲಿಗ್ರಾಮದಿಂದ ಏಳು ತಿಂಗಳ ಮಗುವನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಬಂದ ನಾಲ್ಕನೇ ದಿನ ಮಗು ದಿಂಬಿನಡಿಯಿಂದ ಹಿತ್ತಾಳೆ ಹಿಡಿಯ ಚಾಕನ್ನು ಎಳೆದು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಮಡಿಸಿದ ಚಾಕು, ಏನೂ ಆಗಲಿಲ್ಲ. ಆದರೆ ಮೀನಾ ಅರ್ಧ ಗಂಟೆಯಲ್ಲಿ ಬ್ಯಾಗು ತುಂಬಿದಳು. ಆಗ ದಾಸಯ್ಯ ಮಗುವಿನ ತಲೆ ಮುಟ್ಟಿ, ಕೂಸು ಈ ಮನೇಲಿ ಇರೋಗಂಟ ಇರೋ ಚಾಕು ಪೆಟ್ಟಿಗೆಯಿಂದ ಈಚೆ ಬರಲ್ಲ, ಬೇರೆ ಒಂದು ಚಾಕೂ ಹೊಸಲು ದಾಟಲ್ಲ ಎಂದು ಆಣೆ ಮಾಡಿದ. ಹದಿನಾಲ್ಕೂ ಕಬ್ಬಿಣದ ಪೆಟ್ಟಿಗೆಗೆ ಹೋದವು. ಪೆಟ್ಟಿಗೆಯ ಕೀಲಿ ಸಿದ್ದಲಿಂಗಮ್ಮನ ಸೊಂಟಕ್ಕೆ ಹೋಯಿತು. ನರ್ಸರಿಯ ಚಾಕು ನರ್ಸರಿಯ ಶೆಡ್ಡಿನಲ್ಲೇ ಉಳಿಯಿತು. ಮೀನಾ ಬ್ಯಾಗು ಬಿಚ್ಚಿ, "ಶಿವರಾತ್ರಿಗಂಟ ಇರ್ತೀನಿ. ಇನ್ನೊಂದ್ ಸಲ ಇಂಗಾದ್ರೆ ಮಾತ್ರ ನನ್ನ ತಡೀಬ್ಯಾಡಿ" ಅಂದಳು.

ದಾಸಯ್ಯನಿಗೆ ಶಿವರಾತ್ರಿಯವರೆಗಿನ ಒಂದೊಂದು ದಿನವೂ ಬೇಕಿತ್ತು. ಮಗು ಅಂಬೆಗಾಲಿಡಲು ಕಲಿತದ್ದು ಅವನ ಕಣ್ಣ ಮುಂದೆ. ಬೆಳಿಗ್ಗೆ ಗೆಜ್ಜೆ ಸದ್ದು ಮಾಡಿಕೊಂಡು ಬಂದು ಅವನ ಮೂಗು ಹಿಡಿದು ಎಬ್ಬಿಸುತ್ತಿತ್ತು. ಮಗಳನ್ನು ಇಷ್ಟು ಹತ್ತಿರದಿಂದ ಅವನು ಬೆಳೆಸಿರಲಿಲ್ಲ. ಆಗೆಲ್ಲ ಊರೂರು ತಿರುಗಿ ಕಸಿ ಕಟ್ಟುವುದೇ ಆಗಿತ್ತು. ಈಗ ಸಿಕ್ಕಿದ್ದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಆದರೆ ಕೈಗಳಿಗೆ ಯಾರು ಹೇಳಬೇಕು?

ಎರಡು ಸಾವಿರದ ಎರಡನೇ ಇಸವಿಯ ಜನವರಿ ಅದು. ದಿನಾ ಸಂಜೆ ಏಳಕ್ಕೆ ಕರೆಂಟು ಹೋದರೆ ಎಂಟೂವರೆಗೆ ಬರುತ್ತಿತ್ತು. ಚಳಿಗೆ ಬಾಗಿಲು ಕಿಟಕಿ ಮುಚ್ಚಿದ ಮನೆಯಲ್ಲಿ ಕತ್ತಲು ಗಟ್ಟಿಯಾಗಿ ಕೂರುತ್ತಿತ್ತು. ಮಗು ಇರುವ ಮನೆ ಎಂದು ಸಿದ್ದಲಿಂಗಮ್ಮ ಕತ್ತಲಿಗೇ ಕಾನೂನು ಮಾಡಿದ್ದಳು. ಬುಡ್ಡಿದೀಪ ಮಗುವಿನ ಕೈಗೆಟುಕದ ಗೂಡಿನಲ್ಲೇ ಇರಬೇಕು. ಕೆಂಡದ ಬಟ್ಟಲನ್ನು ಬಾಗಿಲು ಹಾಕಿದ ಕೋಣೆಯಲ್ಲಿಟ್ಟು ಮಲಗಕೂಡದು. ಸೀಮೆಎಣ್ಣೆಯ ಬಾಟಲಿ ಒಲೆಯಿಂದ ದೂರ, ಅಟ್ಟದ ಮೇಲೆ. ಎಲ್ಲಕ್ಕಿಂತ ದೊಡ್ಡದು, ಕರೆಂಟು ಹೋದ ತಕ್ಷಣ ಇದ್ದವರು ಇದ್ದಲ್ಲೇ ಕೂರಬೇಕು. ಅವಳು ದೀಪ ಹಚ್ಚಿ 'ಹೂಂ' ಅನ್ನುವವರೆಗೆ ಯಾರೂ ಏಳಕೂಡದು. ಹೋದ ವರ್ಷ ಕತ್ತಲಲ್ಲಿ ಎಡವಿ ಬಿಸಿ ಸಾರಿನ ಪಾತ್ರೆಗೆ ಕಾಲಿಟ್ಟ ದಾಸಯ್ಯನಿಗಾಗಿಯೇ ಹುಟ್ಟಿದ ಕಾನೂನು ಅದು. ಅದನ್ನು ಅತಿ ಹೆಚ್ಚು ಮುರಿಯುತ್ತಿದ್ದವನೂ ಅವನೇ.

ಆ ಗುರುವಾರ ಸಂಜೆ ಆರಕ್ಕೆ ಕಂಪಲಾಪುರದ ಮರಿಯಯ್ಯ ಬಂದ. ಸೈಕಲ್ ಶಾಪ್ ಇಟ್ಟವನು, ದಾಸಯ್ಯನಿಗಿಂತ ಐದಾರು ವರ್ಷ ಚಿಕ್ಕವನು, ಚಾಕಿನ ಹುಚ್ಚಿನಲ್ಲಿ ಮಾತ್ರ ಅಣ್ಣ. ಇಬ್ಬರ ಸ್ನೇಹವೂ ಹುಣಸೂರು ಸಂತೆಯಲ್ಲಿ ಒಂದೇ ಚಾಕಿಗೆ ಇಬ್ಬರೂ ಕೈ ಚಾಚಿದಾಗ ಆದದ್ದು. ಹೊಸಲಲ್ಲೇ ಸಿದ್ದಲಿಂಗಮ್ಮ ಅವನನ್ನು ತಡೆದಳು.

"ಜೇಬ್ನಾಗೆ ಏನೂ ಇಲ್ಲ ತಾನೆ, ಮರಿಯಣ್ಣ?"

"ಬೀಡಿ ಬೆಂಕಿಪಟ್ಣ ಅಷ್ಟೇಯ ಕಣಕ್ಕ" ಅಂದ ಮರಿಯಯ್ಯ. ಅಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ಕಂಡರೆ ದಾಸಯ್ಯನಿಗೆ ಮೊದಲಿಂದಲೂ ಹೊಟ್ಟೆಕಿಚ್ಚು.

ಜಗಲಿಯಲ್ಲಿ ಚಳಿ ಎಂದು ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿ ಕೂತರು. ಹೆಂಗಸರಿಬ್ಬರೂ ಅಡುಗೆ ಮನೆಯಲ್ಲಿ ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದರು. ಸ್ವಲ್ಪ ಹೊತ್ತು ಟೈರಿನ ರೇಟು, ಹೊಗೆಸೊಪ್ಪಿನ ರೇಟು ಮಾತಾಡಿ, ಅಡುಗೆ ಮನೆಯ ಕಡೆ ಒಮ್ಮೆ ನೋಡಿ, ಮರಿಯಯ್ಯ ಸ್ವೆಟರಿನ ಒಳಗಿಂದ ಬಟ್ಟೆಯ ಗಂಟೊಂದನ್ನು ತೆಗೆದ.

"ವಿರಾಜಪೇಟೆ ಕಡೆ ಒಬ್ರು ಸುಬೇದಾರ್ರು ಮನೆ ಸಾಮಾನೆಲ್ಲ ಮಾರ್ತಿದ್ರು ಕಣಣ್ಣ. ಎಲ್ರೂ ಮಂಚ, ಬೀರು ನೋಡ್ತಿದ್ರು. ನಾನು ಇದ ನೋಡ್ದೆ."

ಎಮ್ಮೆ ಕೊಂಬಿನ ಕಪ್ಪು ಹಿಡಿ. ಅಂಗೈಯಷ್ಟು ಉದ್ದ. ಮರಿಯಯ್ಯ ಉಗುರು ಕೊಟ್ಟು ಅಲಗನ್ನು ಎಳೆದ. ಅದು ಸದ್ದಿಲ್ಲದೆ ಬಂದು, ತನ್ನ ಜಾಗ ಸೇರಿದಾಗ ಮಾತ್ರ ಸಣ್ಣಗೆ ಟಕ್ ಅಂದಿತು. ದಾಸಯ್ಯನ ಮೈ ಜುಮ್ಮೆಂದಿತು. ಆಣೆ ನೆನಪಾಗಲಿಲ್ಲ ಎಂದೇನೂ ಅಲ್ಲ, ಚೆನ್ನಾಗಿಯೇ ನೆನಪಾಯಿತು. ನಾನೇನು ತಂದೆನೆ, ಅವನು ತಂದದ್ದು, ಒಂದು ಸಲ ಹಿಡಿದು ನೋಡಿ ಕೊಟ್ಟುಬಿಟ್ಟರೆ ಆಯಿತು ಎಂದು ತನಗೆ ತಾನೇ ವಕೀಲಿಕೆ ಮಾಡಿಕೊಂಡ.

ಚಾಕನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳವಾಗುತ್ತದೆ ಎಂಬುದು ಈ ಕಡೆಯವರ ನಂಬಿಕೆ. ಬೇರೆಯವರು ನೆನಪಾದರೆ ಪಾಲಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ಈ ಇಬ್ಬರು ಹುಚ್ಚರಿಗೆ ಮಾತ್ರ ಅದು ಶಾಸ್ತ್ರವಾಗಿತ್ತು. ಕೊಡುವವನು ಚಾಕನ್ನು ಬಿಚ್ಚಿ, ನೆಲಕ್ಕಿಟ್ಟು, ಕೈ ಹಿಂದಕ್ಕೆಳೆದು 'ಇಟ್ಟೆ' ಅನ್ನಬೇಕು. ಅಂದ ಮೇಲೆ ಅದು ತೆಗೆದುಕೊಳ್ಳುವವನ ಜವಾಬ್ದಾರಿ. ಇಟ್ಟವನು ಅದರ ಕಡೆ ಮತ್ತೆ ಕೈ ಹಾಕಿದರೆ ಸ್ನೇಹಕ್ಕೇ ಅವಮಾನ. ಹದಿನೈದು ವರ್ಷದಲ್ಲಿ ಇಬ್ಬರೂ ಒಂದು ಸಲವೂ ತಪ್ಪಿರಲಿಲ್ಲ, ಒಂದು ಸಲವೂ ಜಗಳ ಆಡಿರಲಿಲ್ಲ.

ಮರಿಯಯ್ಯ ಬಿಚ್ಚಿದ ಚಾಕನ್ನು ಚಾಪೆಯಾಚೆಯ ಕೆಂಪು ನೆಲದ ಮೇಲಿಟ್ಟ. "ಇಟ್ಟೆ ಕಣಣ್ಣ" ಅಂದ.

ಕರೆಂಟು ಹೋಯಿತು. ದಿನಕ್ಕಿಂತ ಅರ್ಧ ಗಂಟೆ ಮುಂಚೆ.

ಬೀದಿಯ ಮಕ್ಕಳೆಲ್ಲ ಹೋ ಎಂದು ಕೂಗಿದರು. ದಾಸಯ್ಯ ಕತ್ತಲಲ್ಲಿ ಕೈ ಚಾಚಿದ. ಚಾಪೆಯ ಅಂಚು ಸಿಕ್ಕಿತು, ತಣ್ಣನೆಯ ನೆಲ ಸಿಕ್ಕಿತು. ಅಷ್ಟರಲ್ಲಿ ಅಡುಗೆ ಮನೆಯಿಂದ, "ಯಾರೂ ಏಳ್ಬ್ಯಾಡಿ, ಇದ್ದಲ್ಲೇ ಕುಂತ್ಕಳಿ" ಎಂಬ ಸಿದ್ದಲಿಂಗಮ್ಮನ ದನಿ ಬಂತು. ಕತ್ತಲಲ್ಲೂ ಅವಳಿಗೆ ಕಾಣುತ್ತದೇನೋ ಎಂಬಂತೆ ಅವನು ಕೈ ಹಿಂದಕ್ಕೆಳೆದುಕೊಂಡ. ಆಗಲೇ ಎದುರುಗಡೆ ಬಸ್ಸಿನ ಹಾರನ್ನು ಕೇಳಿತು.

"ಅಯ್ಯೋ, ಇದು ತಪ್ಪುದ್ರೆ ಹುಣಸೂರಿಂದ ಮುಂದಕ್ಕೆ ಬಸ್ಸಿಲ್ಲ ಕಣಣ್ಣ" ಎನ್ನುತ್ತ ಮರಿಯಯ್ಯ ಎದ್ದ. ಹೊಸ ಚಾಕನ್ನು ಬಿಟ್ಟು ಹೋಗುವ ಗಂಡಸು ಈ ತಾಲೂಕಿನಲ್ಲಿ ಹುಟ್ಟಿಲ್ಲ; ಎದ್ದಿದ್ದಾನೆಂದರೆ ಎತ್ತಿಕೊಂಡೇ ಎದ್ದಿದ್ದಾನೆ ಎಂದುಕೊಂಡ ದಾಸಯ್ಯ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂಬ ಸಂಕಟದಲ್ಲೇ ಗೋಡೆ ಹಿಡಿದು ಅವನ ಹಿಂದೆ ಬೀದಿಗೆ ಬಂದ. ಮರಿಯಯ್ಯ ಬಸ್ಸಿನ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ಬಗ್ಗಿ ಮೆಲ್ಲಗೆ ಹೇಳಿದ.

"ಎರಡ್ ದಿನ ಮಡಿಕ್ಕೊಂಡು ನೋಡಣ್ಣ. ಭಾನುವಾರ ಬತ್ತೀನಿ. ಅಕ್ಕನ ಕೈಗೆ ಸಿಗಂಗೆ ಮಾಡ್ಬುಟ್ಟೀಯೆ."

"ಏನ್ನ ಮಡಿಕ್ಕೊಳ್ಳಾದು? ನೀನು ಎತ್ಕೊಳ್ಳಿಲ್ವಾ?"

"ಇಟ್ಟೆ ಅಂದ ಮ್ಯಾಲೆ ನಾನ್ಯಾಕೆ ಮುಟ್ಲಿ?"

ಬಸ್ಸು ಹೊರಟಿತು. ದಾಸಯ್ಯ ಒಂದು ಕ್ಷಣ ರಸ್ತೆಯಲ್ಲೇ ನಿಂತ. ಆಮೇಲೆ ಪಂಚೆ ಎತ್ತಿ ಕಟ್ಟಿ ಓಡಿದ. ಮನೆ ಹತ್ತೇ ಹೆಜ್ಜೆ ದೂರ.

ಹೊಸಲಲ್ಲಿ ಕಾಲು ನಿಂತಿತು. ಅಡುಗೆ ಮನೆಯಲ್ಲಿ ದೀಪ ಹತ್ತಿತ್ತು, ಆದರೆ ಅದರ ಬೆಳಕು ಬಾಗಿಲ ಚೌಕಟ್ಟಿನಾಚೆ ಬರುತ್ತಿರಲಿಲ್ಲ. ನಡುಮನೆಯ ಕತ್ತಲಲ್ಲಿ ಗೆಜ್ಜೆ ಸದ್ದು. ಎರಡು ಸಲ ಘಲ್ ಅಂದು ನಿಂತಿತು.

"ಪಾಪು ಎಲ್ಲವ್ವ?" ಎಂದು ಸಿದ್ದಲಿಂಗಮ್ಮ ಒಳಗೆ ಕೇಳುತ್ತಿದ್ದಳು.

"ಅಪ್ಪನ ತಾವ ಹೋಯ್ತು ಕಣವ್ವ. ಮರಿಯಣ್ಣ ಮಾವ ಎಲ್ಲ ಅಲ್ಲೇ ಅವ್ರಲ್ಲ" ಅಂದಳು ಮೀನಾ.

ದಾಸಯ್ಯನಿಗೆ ಒಳಕ್ಕೆ ನುಗ್ಗಲು ಧೈರ್ಯ ಬರಲಿಲ್ಲ. ಕಾಲು ತಾಗಿ ಚಾಕು ಮಗುವಿನ ಕಡೆಗೇ ಜಾರಿದರೆ? ಹೇಳಬೇಕಾದದ್ದು ಇಷ್ಟೇ: ನೆಲದ ಮೇಲೆ ಚಾಕು ಬಿದ್ದಿದೆ, ಮಗುವನ್ನು ಎತ್ತಿಕೋ. ಆದರೆ ಆ ಮಾತಿನ ಹಿಂದೆಯೇ ಮೀನಾಳ ಬ್ಯಾಗು ಕಂಡಿತು, ಸಾಲಿಗ್ರಾಮದ ಬಸ್ಸು ಕಂಡಿತು. ನಾಲಿಗೆ ಅವನನ್ನು ಕೇಳದೆ ಬೇರೆ ದಾರಿ ಹಿಡಿಯಿತು.

"ಮೀನಾ, ಕೂಸೆತ್ಕೊ, ಬೇಗ. ನಡುಮನೇಲಿ ಚೇಳು."

ಮೀನಾ ದೀಪಕ್ಕೂ ಕಾಯದೆ ಓಡಿ ಬಂದು, ಗೆಜ್ಜೆ ಸದ್ದಿನ ಮೇಲೆ ಬಗ್ಗಿ, ಮಗುವನ್ನು ಬಾಚಿಕೊಂಡು ಗೋಡೆ ಬದಿಯ ಮಂಚ ಹತ್ತಿ ನಿಂತಳು. ಮಗು ಅಳಲಿಲ್ಲ. ದಾಸಯ್ಯನಿಗೆ ಉಸಿರು ಬಂತು. ಇನ್ನು ಎಲ್ಲರೂ ಇದ್ದಲ್ಲೇ ಇದ್ದರೆ ತಾನು ಮೆಲ್ಲಗೆ ಹುಡುಕಿ ಎತ್ತಿ ಸೂರಿಗೆ ಸಿಕ್ಕಿಸಿಬಿಡಬಹುದು.

ಆದರೆ ಚೇಳು ಅಂದ ಮೇಲೆ ಸಿದ್ದಲಿಂಗಮ್ಮ ಇದ್ದಲ್ಲೇ ಇರುವ ಹೆಂಗಸೇ? ಒಂದು ಕೈಯಲ್ಲಿ ಬುಡ್ಡಿದೀಪ, ಇನ್ನೊಂದರಲ್ಲಿ ಪೊರಕೆ ಹಿಡಿದು ಬಂದಳು. ತಾನೇ ಮಾಡಿದ ಕಾನೂನನ್ನು ತಾನೇ ತುಳಿದುಕೊಂಡು, ಬರಿಗಾಲಲ್ಲಿ.

"ಎಲ್ಲದೆ? ಎಷ್ಟ್ ದಪ್ಪದ್ದು? ಕಪ್ದಾ, ಕೆಂಪ್ದಾ?"

"ನೀನ್ ಬರ್ಬ್ಯಾಡ, ಅಲ್ಲೇ ನಿಂತ್ಕೊ. ನಾನ್ ನೋಡ್ತೀನಿ" ಎನ್ನುತ್ತ ದಾಸಯ್ಯ ಮಂಡಿಯೂರಿ ಎರಡೂ ಅಂಗೈಗಳನ್ನು ನೆಲದ ಮೇಲೆ ಸವರತೊಡಗಿದ.

ಸಿದ್ದಲಿಂಗಮ್ಮ ದೀಪ ತಗ್ಗಿಸಿ ಅವನನ್ನೇ ನೋಡಿದಳು. "ಚೇಳ್ನ ಯಾರಾದ್ರೂ ಅಂಗೈಲಿ ಉಡುಕ್ತಾರಾ? ಬುದ್ಧಿ ಗಿದ್ಧಿ ಕೆಟ್ಟದಾ ನಿಮ್ಗೆ?"

ಅವನು ಸವರುತ್ತಲೇ ಇದ್ದ. ಅವಳು ಚಾಪೆಯನ್ನು ಎತ್ತಿ ಒದರಿದಳು, ಕಂಬಳಿ ಒದರಿದಳು, ಗೋಡೆಯ ಅಂಚಿಗೆ ಪೊರಕೆ ಬಡಿದಳು. ಮೀನಾ ಮಂಚದ ಮೇಲಿಂದ "ಅವ್ವ, ಮೂಲೆ ನೋಡು, ಕಿಟಕಿ ಕೆಳಗೆ ನೋಡು" ಎಂದು ಹೇಳುತ್ತಿದ್ದಳು. ಬೇಡ ಎನ್ನುವುದಕ್ಕೂ ಆಗದೆ, ಹೂಂ ಎನ್ನುವುದಕ್ಕೂ ಆಗದೆ ದಾಸಯ್ಯ ಹೆಂಡತಿಯ ಕಾಲುಗಳ ಸುತ್ತಲೇ ತೆವಳುತ್ತಿದ್ದ. ಈಗ ಹೇಳಿಬಿಡೋಣ ಎಂದು ಬಾಯಿ ತೆರೆದ. ಇನ್ನೊಂದು ಗಳಿಗೆ, ಸಿಕ್ಕೇಬಿಡುತ್ತದೆ ಎಂದು ಮುಚ್ಚಿದ.

ಕಿಟಕಿಯ ಹತ್ತಿರ ಸಿದ್ದಲಿಂಗಮ್ಮ "ಹಾ" ಎಂದು ನೆಲಕ್ಕೆ ಕುಸಿದಳು. ದೀಪ ಓಲಾಡಿತು, ಅವನು ಹೇಗೋ ಹಿಡಿದುಕೊಂಡ. ಅವಳ ಕಾಲಿನಡಿ ಸಿಕ್ಕದ್ದು ಕತ್ತಲೊಳಕ್ಕೆ ಎಲ್ಲೋ ಸರ್ರೆಂದು ಜಾರಿ ಹೋಯಿತು.

"ಕುಟುಕ್ಬುಡ್ತು ಕಣವ್ವ" ಅಂದಳು ಸಿದ್ದಲಿಂಗಮ್ಮ, ಪಾದ ಹಿಡಿದುಕೊಂಡು.

ಮೀನಾ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಇಳಿದು, ಟವೆಲ್ಲಿನ ಅಂಚು ಹರಿದು, ಅವ್ವನ ಕಣಕಾಲಿನ ಮೇಲೆ ಬಿಗಿಯಾಗಿ ಕಟ್ಟಿದಳು. ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಸಣ್ಣಬೀರಯ್ಯನನ್ನು ಕೂಗಿದಳು. ಎಪ್ಪತ್ತು ದಾಟಿದ ಮುದುಕ, ಚೇಳಿನ ಔಷಧಿಗೆ ಸುತ್ತ ಎಂಟು ಹಳ್ಳಿಗೆ ಹೆಸರಾದವನು. ಬೇರು ತೇಯ್ದ ಬಟ್ಟಲನ್ನು ಹಿಡಿದೇ ಬಂದ. ಕಣ್ಣು ಮಂದ, ದೀಪದ ಬೆಳಕೂ ಮಂದ. ಸಿದ್ದಲಿಂಗಮ್ಮನ ಪಾದವನ್ನು ಮಡಿಲಿಗೆ ಎಳೆದುಕೊಂಡು, ಒದ್ದೆಯಾಗಿರುವುದನ್ನು ಬೆರಳಲ್ಲಿ ಸವರಿ, ತಲೆ ಆಡಿಸಿದ.

"ಎಳೇ ಚೇಳಲ್ಲ ಇದು, ಬಲಿತದ್ದು. ಇಸ ಮ್ಯಾಕೆ ಏರೋಕೆ ಮುಂಚೆ ಒಂದ್ ಗೀರು ಗೀರಿ ರಕ್ತ ಬುಡ್ಬೇಕು, ಆಮ್ಯಾಕೆ ಔಷ್ದಿ. ದಾಸಯ್ಯ, ಒಂದ್ ಚಾಕು ತತ್ತಾ. ನಿನ್ನ ತಾವ ಇಲ್ದೆ ಇನ್ಯಾರ ತಾವ ಇದ್ದಾದು?"

ಸಿದ್ದಲಿಂಗಮ್ಮ ನೋವಿನಲ್ಲೇ ಸೊಂಟಕ್ಕೆ ಕೈ ಹಾಕಿ ಕೀಲಿ ಬಿಚ್ಚಿ ಗಂಡನತ್ತ ಚಾಚಿದಳು. "ತಗಳಿ. ಹರಿತಾಗಿರಾದ ತಕ್ಕ ಬನ್ನಿ."

ಎರಡು ತಿಂಗಳು ಆ ಕೀಲಿಗಾಗಿ ದಾಸಯ್ಯ ಚಡಪಡಿಸಿದ್ದ. ಅವಳು ನಿದ್ದೆಯಲ್ಲಿದ್ದಾಗ ಅದರತ್ತ ನೋಡಿಕೊಂಡು ಕೂತದ್ದೂ ಇತ್ತು. ಈಗ ಅದು ಅವನ ಅಂಗೈಯಲ್ಲಿ ಅವಳ ಮೈಯ ಬಿಸಿಯೊಂದಿಗೆ ಇತ್ತು. ಪೆಟ್ಟಿಗೆ ತೆಗೆದು ಚಾಕು ತಂದರೆ, ತನ್ನ ಸುಳ್ಳು ಉಳಿಸಿಕೊಳ್ಳಲು ಗಾಯದ ಮೇಲೆ ಇನ್ನೊಂದು ಗಾಯ ಮಾಡಿಸಬೇಕು, ತನ್ನದೇ ಚಾಕಿನಲ್ಲಿ. ಅವನಿಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಅಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ.

"ಗೀರ್ಬ್ಯಾಡ ಕಣಣ್ಣ" ಅಂದ. "ಚೇಳಲ್ಲ ಅದು. ಚಾಕು. ಮರಿಯ ತಂದಿದ್ದ. ಬಿಚ್ಚಿ ಇಟ್ಟಿದ್ದ, ಕರೆಂಟು ಹೋಯ್ತು. ಅವನು ಎತ್ಕೊಂಡ ಅಂತ ನಾನು ಅಂದ್ಕೊಂಡೆ, ನಾನು ಎತ್ಕೊಂಡೆ ಅಂತ ಅವನು ಅಂದ್ಕೊಂಡ."

ಸಣ್ಣಬೀರಯ್ಯ ಬಟ್ಟಲನ್ನು ಪಕ್ಕಕ್ಕಿಟ್ಟು, ಕಣಕಾಲಿನ ಕಟ್ಟನ್ನು ಬಿಚ್ಚಿ, ಅದೇ ಬಟ್ಟೆಯನ್ನು ಪಾದಕ್ಕೆ ಒತ್ತಿ ಸುತ್ತಿದ. "ಇದಕ್ಕೆ ನನ್ನ ಔಷ್ದಿ ಆಗಕಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡೋಗಿ ಸೂಜಿ ಹಾಕ್ಸು" ಎಂದು ಎದ್ದು ಹೋದ.

ಸಿದ್ದಲಿಂಗಮ್ಮ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. "ಮೊದ್ಲು ಅದ ಉಡುಕಿ" ಅಂದಳು. "ಇನ್ನೂ ಮನೇಲೇ ಅದೆ."

ಮೀನಾ ಪಕ್ಕದ ಮನೆಯಿಂದ ಟಾರ್ಚು ಕೇಳಿ ತಂದಳು. ಚಾಕು ಆ ಕಬ್ಬಿಣದ ಪೆಟ್ಟಿಗೆಯ ಅಡಿಯಲ್ಲೇ ಸಿಕ್ಕಿತು. ದಾಸಯ್ಯ ಬಗ್ಗಿ ಎತ್ತಿದ. ಹಿಡಿ ಕೈಗೆ ಅಂಟಿತು. ರಕ್ತ ಎಂದುಕೊಂಡು ಟಾರ್ಚಿನ ಬೆಳಕಿಗೆ ಹಿಡಿದ. ರಕ್ತ ಇದ್ದದ್ದು ಅಲಗಿನ ತುದಿಯಲ್ಲಿ. ಹಿಡಿಯ ಮೇಲೆ ಮೆತ್ತಿಕೊಂಡಿದ್ದದ್ದು ರಾಗಿ ಸರಿ. ಇನ್ನೂ ಒಣಗದ, ಪುಟ್ಟ ಪುಟ್ಟ ಬೆರಳುಗಳ ಗುರುತು.

ತಾನು ಬಸ್ಸಿನ ಬಳಿ ನಿಂತು ಮಾತಾಡುತ್ತಿದ್ದಾಗ ಮಗು ಅದನ್ನು ಹಿಡಿದು ನೋಡಿತ್ತು. ಯಾವ ಪುಣ್ಯಕ್ಕೋ ಕೈ ಹಿಡಿಯ ಕಡೆ ಹೋಗಿತ್ತು, ಯಾವ ಪುಣ್ಯಕ್ಕೋ ಬಿಟ್ಟಿತ್ತು. ದಾಸಯ್ಯ ಚಾಕನ್ನು ಮಡಿಸಿದ. ಗೋಡೆಗೊರಗಿ ಕೂತ.

ಮೀನಾಳೂ ನೋಡಿದಳು. ಮಂಚದ ಮೇಲೆ ಕೂತು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮಗುವಿನ ಮುಷ್ಟಿ ಬಿಚ್ಚಿ ಒಂದೊಂದೇ ಬೆರಳನ್ನು ತಿರುಗಿಸಿ ನೋಡಿದಳು. ತುಟಿ ಬಿಡಿಸಿ ನೋಡಿದಳು. ಪಾದ, ಮಂಡಿ, ಮತ್ತೆ ಬೆರಳು. ಎಲ್ಲೂ ಗೀರಿಲ್ಲ. ಮಗು ಇದೊಂದು ಆಟವೆಂದು ನಗುತ್ತಿತ್ತು. ಎಂಟೂವರೆಗೆ ಕರೆಂಟು ಬಂದಾಗಲೂ ಮೀನಾ ಬೆರಳುಗಳನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ದಾಸಯ್ಯ ಎದ್ದಾಗ ಬ್ಯಾಗು ಜಗಲಿಯ ಮೇಲಿತ್ತು. ಅವನು ತಡೆಯಲಿಲ್ಲ. ಸಿದ್ದಲಿಂಗಮ್ಮ ಕುಂಟಿಕೊಂಡೇ ರೊಟ್ಟಿ ಸುಟ್ಟು ಕಟ್ಟಿಕೊಟ್ಟಳು. "ಇದ್ದೋಗು" ಎಂದು ಒಂದು ಸಲ ಅಂದಳು, ಎರಡನೇ ಸಲ ಅನ್ನಲಿಲ್ಲ.

ಸಾಲಿಗ್ರಾಮಕ್ಕೆ ದಾರಿಯಾದ ಏಳು ಗಂಟೆಯ ಕೆ.ಆರ್. ನಗರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಂಜಿನಲ್ಲಿ ರಸ್ತೆಯ ಆಚೆ ಬದಿ ಕಾಣುತ್ತಿರಲಿಲ್ಲ. ಮೀನಾ ಕೇಳದೆಯೇ ಮಗುವನ್ನು ಅವನಿಗೆ ಕೊಟ್ಟಳು. ಅದು ಶಾಲಿನೊಳಗಿಂದ ಕೈ ತೆಗೆದು ಅವನ ಮೂಗು ಹಿಡಿಯಿತು. ದಾಸಯ್ಯ ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ಮಾತು ಹೇಳಲು ಹೊರಟ.

"ಎಲ್ಲಾನೂ ಮಾರ್ಬುಡ್ತೀನಿ ಕಣವ್ವ. ಹದ್ನಾಕ್ನೂ. ಇವತ್ತೇಯ. ಮನೇಲಿ ಒಂದೂ ಮಡಗಕಿಲ್ಲ."

"ಯಾಕಪ್ಪ ಮಾರೀಯೆ? ಮಡಿಕ್ಕೊ" ಅಂದಳು ಮೀನಾ. ದನಿಯಲ್ಲಿ ಕೋಪವಿರಲಿಲ್ಲ. "ನಾನು ಚಾಕಿಗೆ ಹೊರಟಿಲ್ಲ. ನೀನು ಚಾಕು ಅಂದಿದ್ರೆ ಕೂಸೆತ್ಕೊಂಡು ಸುಮ್ನೆ ಕುಂತ್ಕೊತಿದ್ದೆ. ಅವ್ವನ ಕಾಲೂ ಉಳೀತಿತ್ತು. ಒಂದಿಷ್ಟು ಬೈತಿದ್ದೆ, ಅಷ್ಟೇಯ. ಕೂಸು ಅದರ ಪಕ್ಕದಲ್ಲಿರುವಾಗ್ಲೂ ನಿಂಗೆ ಚೇಳು ಅನ್ನಕ್ಕೆ ಬಾಯಿ ಬಂತಲ್ಲ ಅಪ್ಪ, ಅದಕ್ಕೆ ಹೊರಟಿದ್ದೀನಿ."

ಬಸ್ಸು ಬಂತು. ಅವನು ಮಗುವನ್ನು ಕೊಟ್ಟು, ಬ್ಯಾಗನ್ನು ಮೇಲೆ ಹತ್ತಿಸಿ, ಕೆಳಗಿಳಿದು ನಿಂತ.